ಯಾರೋ ಹಾಕಿದ ವೋಟು

ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಎಲೆಕ್ಷನ್ ಬರುತ್ತೆ, ಅದರ ಜೊತೆಗೇ ನನ್ನ ಗ್ರಹಚಾರವೂ ಬರುತ್ತೆ. ನಾನೇನು ರಾಜಕಾರಣಿ ಅಲ್ಲ. ಟೆಕ್ಸಸ್‌ನ ಅಲೆನ್ ಅನ್ನೋ ಊರಲ್ಲಿ ಮನೆ, ಪಕ್ಕದ ಪ್ಲೇನೋದಲ್ಲಿ ಆಫೀಸು, ದಿನವಿಡೀ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋ ಕೆಲಸ. 2018ರಲ್ಲಿ ಟೆಕ್ಸಸ್ ಗವರ್ನರ್ ಚುನಾವಣೆ ಬಂತು. ನಮ್ಮವರನ್ನ ಮತದಾರರ ಪಟ್ಟಿಗೆ ಸೇರಿಸೋಕೆ ಯಾರು ಓಡಾಡ್ತೀರಿ ಅಂತ ಕನ್ನಡ ಸಂಘದ ಮೀಟಿಂಗಿನಲ್ಲಿ ಕೇಳಿದರು. ಅದೇ ಹೊತ್ತಿಗೆ ನಾನು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಳ್ಳೋಕೆ ಎದ್ದೆ. ಎದ್ದು ನಿಂತಿದ್ದಾರೆ, ಇವರೇ ಆಗಲಿ ಅಂತ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಚಪ್ಪಾಳೆ ಶುರು ಮಾಡಿದ್ದು ನನ್ನ ಹೆಂಡತಿ.

೧. ರಾಜ್ಯಪಾಲರಿಗೆ ಯಾಕೆ ಚುನಾವಣೆ?

ಮೊದಲನೇ ಕೆಲಸ, ಸಂಘದ ಇ-ಮೇಲ್ ಪತ್ರಿಕೆಗೆ ಒಂದು ಪ್ರಕಟಣೆ ಬರೆಯೋದು. ಶುದ್ಧ ಕನ್ನಡದಲ್ಲಿರಲಿ ಅಂದಿದ್ದರು. ಸರಿ, 'ಬನ್ನಿ, ನಮ್ಮ ರಾಜ್ಯಪಾಲರನ್ನು ನಾವೇ ಆರಿಸೋಣ' ಅಂತ ಬರೆದೆ.

ಮರುದಿನವೇ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕಿನಿಂದ ಒಬ್ಬ ರಿಟೈರ್ಡ್ ಎಂಜಿನಿಯರ್ ಫೋನ್ ಮಾಡಿದರು. ರಾಕೆಟ್ಟಿನ ಲೆಕ್ಕ ಹಾಕಿದವರು, ಒಂದು ಚುಕ್ಕಿ ತಪ್ಪಿದರೂ ಬಿಡೋರಲ್ಲ. ರಾಜ್ಯಪಾಲರನ್ನ ಯಾರೂ ಆರಿಸಲ್ಲಪ್ಪ, ದಿಲ್ಲಿಯಿಂದ ಕಳಿಸ್ತಾರೆ, ಸರ್ಕಾರ ರಚಿಸೋಕೆ ಯಾರನ್ನ ಕರೀಬೇಕು ಅಂತ ನೋಡೋದಷ್ಟೇ ಅವರ ಕೆಲಸ ಅಂತ ಅರ್ಧ ಗಂಟೆ ಪಾಠ ಮಾಡಿದರು. ಆ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಅದೇ ರಾಮಾಯಣ ನಡೆದಿತ್ತಲ್ಲ, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಇಲ್ಲಿನ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ ಸಾರ್ ಅಂದೆ. ಮತ್ತೆ ಹಾಗೇ ಬರಿ ಅಂದರು.

'ಮುಖ್ಯಮಂತ್ರಿ' ಅಂತ ತಿದ್ದಿದೆ. ಇಲ್ಲಿ ಕೂತೇ ಕರ್ನಾಟಕಕ್ಕೆ ವೋಟು ಹಾಕಬಹುದಾ, ಯಾವಾಗಿಂದ ಅಂತ ಏಳೆಂಟು ಜನ ಕೇಳಿದರು. ಸಾಕಾಗಿ, 'ರಾಜ್ಯಪಾಲರು, ಅಂದರೆ ಮುಖ್ಯಮಂತ್ರಿಗಳು' ಅಂತ ಎರಡನ್ನೂ ಹಾಕಿದೆ. ಅವತ್ತು ಸಂಜೆ ಎದುರುಮನೆ ಅಂಕಲ್ ಅದರ ಪ್ರಿಂಟ್ ಹಿಡಿದುಕೊಂಡೇ ರಸ್ತೆ ದಾಟಿ ಬಂದರು. ಹುಬ್ಬಳ್ಳಿಯವರು, ಪ್ಲೇನೋದಲ್ಲಿ ಟೈಲ್ಸ್ ಅಂಗಡಿ ನಡೆಸಿ ನಿವೃತ್ತರಾದವರು.

"ಅಂದ್ರ ಒಬ್ಬೊಬ್ಬರಿಗೆ ಎರಡೆರಡು ವೋಟೇನ್ರಿ?" ಅಂತ ಕೇಳಿದರು.

೨. ನೀವು ಕನ್ನಡದವರಾ?

ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾ ಕಚೇರಿಯವರು, ಒಂದು ಗಂಟೆ ಟ್ರೈನಿಂಗ್ ಕೊಟ್ಟು, ಒಂದು ಕಟ್ಟು ಅರ್ಜಿ ಕೊಟ್ಟರು. ಅದನ್ನ ಹಿಡಿದುಕೊಂಡು ಶನಿವಾರ ಕ್ಯಾರಲ್ಟನ್‌ನ ಇಂಡಿಯನ್ ಅಂಗಡಿ ಮುಂದೆ ನಿಂತೆ. ಒಂದು ಜೋಡಿ ಕನ್ನಡ ಮಾತಾಡ್ತಾ ಬಂತು. ಖುಷಿಯಾಗಿ, "ನಮಸ್ಕಾರ, ನೀವು ಕನ್ನಡದವರಾ? ಎರಡು ನಿಮಿಷ ಮಾತಾಡಬಹುದಾ?" ಅಂದೆ.

ಆ ಮನುಷ್ಯನ ಮುಖ ಬಿಳುಚಿಕೊಂಡಿತು. "ಬೇಡ ಸಾರ್, ನಮಗೆ ಸಂಬಳವೇ ಸಾಕು. ಸೈಡ್ ಬಿಸಿನೆಸ್ ಎಲ್ಲ ಬೇಡ," ಅಂತ ಹೆಂಡತಿ ಕೈ ಹಿಡಿದು ಹೊರಟೇಬಿಟ್ಟ. ತಪ್ಪು ಅವನದಲ್ಲ. ಈ ದೇಶದಲ್ಲಿ ಪಾರ್ಕಿಂಗ್ ಲಾಟಿನಲ್ಲಿ ನಗುನಗುತ್ತಾ ಮಾತಾಡಿಸೋ ಭಾರತೀಯ ಯಾವತ್ತಿದ್ದರೂ ಸೋಪು, ವಿಟಮಿನ್ ಮಾತ್ರೆ ಮಾರೋ ಚೈನ್ ಬಿಸಿನೆಸ್ಸಿಗೆ ಸೇರಿಸೋನೇ. ಎರಡು ಗಂಟೆಯಲ್ಲಿ ಹನ್ನೊಂದು ಜನ ನನ್ನಿಂದ ತಪ್ಪಿಸಿಕೊಂಡರು.

ಕೊನೆಗೆ ಜೋಳದ ಹಿಟ್ಟಿಗೆ ಬಂದಿದ್ದ ಎದುರುಮನೆ ಆಂಟಿಗೆ ನನ್ನ ಮೇಲೆ ಕರುಣೆ ಬಂತು. ಹಿಂದಿನ ವರ್ಷವಷ್ಟೇ ಸಿಟಿಜನ್ ಆಗಿದ್ದರು. ಕಾರಿನ ಬಾನೆಟ್ ಮೇಲೆ ಅರ್ಜಿ ಇಟ್ಟು ತುಂಬುತ್ತಾ ಮೆಲ್ಲಗೆ ಹೇಳಿದರು, ವಯಸ್ಸು ಅರವತ್ತೇಳಾದರೂ ಇವತ್ತಿನವರೆಗೆ ಒಂದೇ ಒಂದು ವೋಟು ಹಾಕಿಲ್ಲವಂತೆ. ಹುಬ್ಬಳ್ಳಿಯಲ್ಲಿ ಮೂರು ಸಲ ಬಿಸಿಲಲ್ಲಿ ಸಾಲಿನಲ್ಲಿ ನಿಂತಿದ್ದರಂತೆ. ಮೂರು ಸಲವೂ, ನಿಮ್ಮ ವೋಟು ಯಾರೋ ಹಾಕಿ ಹೋಗ್ಯಾರವ್ವ ಅಂತ ವಾಪಸ್ ಕಳಿಸಿದರಂತೆ. ಅಂಕಲ್ ಮಾತ್ರ, ನಂದು ಆತಲ್ಲ, ಮನೀಗೊಂದು ಸಾಕು ಅಂದುಬಿಡ್ತಿದ್ದರಂತೆ.

"ಸಾಯೂದ್ರಾಗ ಒಂದರೆ ನನ್ನ ಕೈಯಿಂದ ನಾನ ಹಾಕಬೇಕ್ರಿ," ಅಂದರು ಆಂಟಿ. ಏನಾದರೂ ದೊಡ್ಡ ಮಾತು ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಕಾರಿನಿಂದ ಒಬ್ಬಾಕೆ ಕಿಟಕಿ ಇಳಿಸಿ, "ಆಂಟಿ, ಸಹಿ ಮಾಡಬೇಡಿ, ಇವರೆಲ್ಲ ಹೀಗೇ ಸೇರಿಸ್ಕೊಳ್ಳೋದು," ಅಂದಳು.

೩. ಸರ್ವಪಕ್ಷ ಸಭೆ

ಅದು ಮಿಡ್‌ಟರ್ಮ್ ವರ್ಷ, ಅಂದರೆ ಅಧ್ಯಕ್ಷರ ಗಾದಿ ಹಾಗೇ ಇರುತ್ತೆ, ಉಳಿದವರ ಕುರ್ಚಿಗಳು ಅಲ್ಲಾಡ್ತವೆ. ವಾಷಿಂಗ್ಟನ್ ಸಭೆ, ಅಂದರೆ ಇಲ್ಲಿನ ಲೋಕಸಭೆ, ಆನೆ ಗುರುತಿನವರ ಕೈ ತಪ್ಪಿ ಕತ್ತೆ ಗುರುತಿನವರಿಗೆ ಹೋಗುತ್ತಾ ಅಂತ ಟಿವಿಯಲ್ಲಿ ಹಗಲೂ ರಾತ್ರಿ ಅದೇ ಗೋಳು. ಎದುರುಮನೆ ಅಂಕಲ್ ಆನೆ. ಆಸ್ಟಿನ್‌ನಲ್ಲಿರೋ ನನ್ನ ಭಾವಮೈದ ಕತ್ತೆ. ನವರಾತ್ರಿ ಗೊಂಬೆ ನೋಡೋಕೆ ಇಬ್ಬರೂ ಹೆಂಡತಿಯರ ಜೊತೆ ನಮ್ಮನೆಗೆ ಒಂದೇ ಸಂಜೆ ಬಂದರು.

ಕೋಸಂಬರಿ ಮುಗಿಯೋದ್ರೊಳಗೆ ಗವರ್ನರ್ ಮೂರು ಸಲ ಬದಲಾದರು. ಗೊಂಬೆಗಳೇ ಎದ್ದು ಹೋಗೋ ಹಾಗೆ ಕೂಗಾಡಿದರು. ನಾನು ಯಾರ ಕಡೆ ಅಂತ ಇಬ್ಬರೂ ಕೇಳಿದರು, ನಾನು ನಿದ್ದೆ ಕಡೆ ಅಂದೆ. ಕೊನೆಗೆ ಅಂಕಲ್, ಏನ ಅನ್ರಿ, ನಮ್ಮ ಮನ್ಯಾಗ ಎರಡು ವೋಟು ಆನಿಗೆ ಗ್ಯಾರಂಟಿ, ವಯಸ್ಸಾದವರಿಗೆ ಅಂಚ್ಯಾಗ ಬ್ಯಾಲೆಟ್ ಕಳಸ್ತಾರ, ಆಕಿದೂ ನಾನ ತುಂಬತೀನಿ, ಆಕಿ ಸಹಿ ಮಾಡಿದರ ಆತು ಅಂದರು. ಭಾವಮೈದನೂ, ಅದು ಬಿಡಿ ಅಂಕಲ್, ನಮ್ಮನೇಲೂ ನಾನು ಹೇಳಿದ್ದಕ್ಕೇ ಹಾಕೋದು ಅಂದ. ಅಡುಗೆಮನೆ ಬಾಗಿಲಲ್ಲಿ ಆಂಟಿಯೂ ಅವನ ಹೆಂಡತಿಯೂ ಮುಖ ಮುಖ ನೋಡಿಕೊಂಡರು.

ಇಡೀ ಸಂಜೆಯಲ್ಲಿ ಎರಡು ಪಕ್ಷಗಳು ಒಂದಾದದ್ದು ಅದೊಂದೇ ವಿಷಯಕ್ಕೆ.

೪. ರೊಟ್ಟಿ ಡಬ್ಬಿ

ವಾರ ಕಳೆದ ಮೇಲೆ ಅಂಕಲ್ ಗಾಬರಿಯಾಗಿ ಬಂದರು. ಎರಡು ಬ್ಯಾಲೆಟ್ ಅಂಚೆಯಲ್ಲಿ ಬಂದಿತ್ತು, ತಮ್ಮದು ತುಂಬಿ ಕಳಿಸಿದ್ದರು, ಹೆಂಡತಿಯದು ಕಾಣಿಸ್ತಿಲ್ಲ. ಸೋಫಾ ಎತ್ತಿ ನೋಡಿದ್ದಾರೆ, ಕಸದ ಬುಟ್ಟಿ ನೋಡಿದ್ದಾರೆ, ದೇವರ ಮನೆಯಲ್ಲೂ ಇಲ್ಲ. ಕೌಂಟಿಗೆ ನೀವ ಫೋನ್ ಮಾಡ್ರಿ ಅಂದರು. ನಲವತ್ತು ನಿಮಿಷ ಪಿಟೀಲು ಸಂಗೀತ ಕೇಳಿದ ಮೇಲೆ ಒಬ್ಬರು ಸಿಕ್ಕಿ, ಸಿಗದಿದ್ದರೆ ಅವರೇ ಬೂತಿಗೆ ಬಂದು, ಕಳೆದಿದೆ ಅಂತ ಬರೆದುಕೊಟ್ಟು ಹಾಕಬಹುದು ಅಂದರು. ಆಂಟಿಗೆ ಮೊಣಕಾಲು ನೋವು, ಅದೆಲ್ಲ ಆಗೂದಿಲ್ಲ ಅಂತ ಅಂಕಲ್ ಮತ್ತೆ ಹುಡುಕೋಕೆ ಹೋದರು.

ಮರುದಿನ ಅಂಕಲ್ ವಾಕಿಂಗ್ ಹೋದ ಹೊತ್ತಲ್ಲಿ ಆಂಟಿ ಬಂದರು, ಕೈಯಲ್ಲಿ ಸ್ಟೀಲಿನ ರೊಟ್ಟಿ ಡಬ್ಬಿ. ನನ್ನನ್ನ ವೋಟು ಹಾಕೋ ಲೈಬ್ರರಿಗೆ ಬಿಡ್ತೀರೇನ್ರಿ ಅಂದರು. ಇಲ್ಲಿ ಎಲೆಕ್ಷನ್ನಿಗೆ ಎರಡು ವಾರ ಮೊದಲೇ ಲೈಬ್ರರಿಯಲ್ಲಿ ಬೂತು ತೆರೆದಿರ್ತಾರೆ. ಆಫೀಸಿನ ಮೀಟಿಂಗ್ ಬಿಟ್ಟು ಡ್ರೈವ್ ಮಾಡಿದೆ.

ಅಂಚೆ ಬ್ಯಾಲೆಟ್ ಕೈಯಲ್ಲಿದ್ದವರು ಅದನ್ನ ಬೂತಿನಲ್ಲಿ ಒಪ್ಪಿಸಿ, ಆಮೇಲೆ ನೇರವಾಗಿ ವೋಟು ಹಾಕಬೇಕು. ಆಂಟಿ ಡಬ್ಬಿ ತೆರೆದು, ರೊಟ್ಟಿ ಸರಿಸಿ, ತಳದಿಂದ ಕವರು ತೆಗೆದುಕೊಟ್ಟರು. ಮೇಜಿನ ತುಂಬ ಜೋಳದ ಹಿಟ್ಟು ಉದುರಿತು. ಅಲ್ಲಿದ್ದ ಅಮೆರಿಕನ್ ಅಜ್ಜಿ ಇದರಲ್ಲಿ ಯಾಕಿಟ್ಟಿರಿ ಅಂತ ಕೇಳಿದಳು. ನಲವತ್ತೈದು ವರ್ಷದಾಗ ನಮ್ಮನಿಯವರು ಒಮ್ಮೆನೂ ಮುಚ್ಚಳ ತೆಗೀಲಾರದ್ದು ಇದೊಂದ ಅಂದರು ಆಂಟಿ. ನಾನು ಅನುವಾದ ಮಾಡಿದೆ. ಆ ಅಜ್ಜಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕು, ನಮ್ಮನೆಯಲ್ಲಿ ಅದು ಡಿಶ್‌ವಾಷರ್ ಅಂದಳು.

ಆಂಟಿ ಮೆಷಿನ್ ಮುಂದೆ ಇಪ್ಪತ್ತೈದು ನಿಮಿಷ ನಿಂತರು. ಗವರ್ನರಿಂದ ಹಿಡಿದು ಜಡ್ಜ್‌ಗಳ ತನಕ ಒಂದೊಂದೇ ಹೆಸರು ಬೆರಳಿಟ್ಟು ಓದಿದರು. ಪಕ್ಷಕ್ಕೆ ಒಂದೇ ಸಲ ಒತ್ತಿದರೆ ಎಲ್ಲ ಮುಗಿಯುತ್ತಿತ್ತಲ್ಲ ಆಂಟಿ ಅಂದೆ.

"ಇಷ್ಟು ವರ್ಷ ಕಾದು ಒಂದ ಬಟನ್ ಒತ್ತಲೇನ್ರಿ?" ಅಂದರು.

ಬೆರಳಿಗೆ ಶಾಯಿ ಹಚ್ಚೂದಿಲ್ಲೇನು ಅಂತ ನಿರಾಸೆಪಟ್ಟರು. ಶಾಯಿ ಬದಲು ಕೊಟ್ಟ 'ನಾನು ವೋಟು ಹಾಕಿದೆ' ಅನ್ನೋ ಸ್ಟಿಕ್ಕರನ್ನ ಡಬ್ಬಿ ಮುಚ್ಚಳದ ಒಳಗೆ ಅಂಟಿಸಿಕೊಂಡರು. ಆ ಸುಡುಗಾಡು ಉಪ್ಪಿಟ್ಟಿಗೆ ಎದ್ದಿದ್ದಕ್ಕೆ ನನಗೆ ಮೊದಲ ಸಲ ಬೇಜಾರಾಗಲಿಲ್ಲ.

ಎರಡು ದಿನ ಬಿಟ್ಟು, ನಾನು ಆಫೀಸಿಂದ ಬಂದು ಶೂ ಬಿಚ್ಚುತ್ತಿರುವಾಗ ಅಂಕಲ್ ಫೋನು. ಹೊಸ ಬ್ಯಾಲೆಟ್ ಕಳಿಸ್ರಿ ಅಂತ ಅವರೇ ಕೌಂಟಿಗೆ ಫೋನ್ ಮಾಡಿದ್ದರಂತೆ. ಅವರು ಹೆಸರು ನೋಡಿ, ಕಳಿಸೋಕಾಗಲ್ಲ, ಈ ವೋಟು ಆಗಲೇ ಚಲಾವಣೆ ಆಗಿದೆ ಅಂದರಂತೆ.

"ಇಲ್ಲೂ ಶುರು ಆತ್ರಿ! ಹುಬ್ಬಳ್ಳ್ಯಾಗ ಆದಂಗ ಆತು. ಆಕಿ ವೋಟು ಯಾರೋ ಹಾಕಿ ಹೋಗ್ಯಾರ್ರಿ!"

ಫೋನಿನ ಹಿಂದಿನಿಂದ, ಡಬ್ಬಿ ಮುಚ್ಚಳ ತೆಗೆದ ಸದ್ದಿನ ಜೊತೆಗೆ, ಆಂಟಿಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಆ ಯಾರೋ ಅಂದ್ರ ನಾನ ರೀ. ಊಟಕ್ಕ ಬರ್ರಿ."