ಹಾಸಿಗೆಯೊಳಗೆ ಶೇಂಗಾ, ನೆಲ ಬಿಡದ ವಿಮಾನ

ನನ್ನ ತೂಕವನ್ನು ನಾನು ಯಾರಿಗೂ ಸರಿಯಾಗಿ ಹೇಳಿದವನಲ್ಲ. ಮದುವೆಯ ವರ್ಷ ಐವತ್ತೆಂಟು ಕಿಲೋ ಇದ್ದೆ. ಆ ಅಂಕಿ ಹಿಡಿಸಿತು, ಅಲ್ಲೇ ನಿಂತುಬಿಟ್ಟೆ. ಮೈ ಮಾತ್ರ ನಿಲ್ಲಲಿಲ್ಲ. ಈ ಸಣ್ಣ ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ ಎಂದು ಬಹುಕಾಲ ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲೊಂದು ಮಧ್ಯಾಹ್ನ, ಕೊಟ್ಟೂರಿನ ಹೊರಗಿನ ಬಯಲಲ್ಲಿ ನಡೆದದ್ದನ್ನು ನೆನೆದರೆ ಈಗಲೂ ತಲೆ ತಗ್ಗಿಸುತ್ತೇನೆ.

ನಾನಾಗ ಕೊಟ್ಟೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ನಮ್ಮ ಸಾಹುಕಾರರ ಅಕ್ಕ ಗಂಗಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದಂತಾಗಿತ್ತು. ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆಯೇ ಆಪರೇಷನ್. ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿದರೆ ಆಕೆ ಹಣ್ಣಾಗುತ್ತಾಳೆಂದು, ಸಾಹುಕಾರರ ಸ್ನೇಹಿತ ಗಣಿ ಮಾಲೀಕರೊಬ್ಬರು ತಮ್ಮ ಪುಟ್ಟ ವಿಮಾನ ಕಳಿಸಿದ್ದರು. ಪೈಲಟ್ ಬಿಟ್ಟರೆ ಮೂರೇ ಸೀಟು. ಗಂಗಮ್ಮ, ಕೈಹಿಡಿದು ನಡೆಸಲು ಮಗಳು ಶಾಂತಾ, ಮೂರನೆಯವನು ನಾನು. ನಿಜ ಹೇಳಬೇಕೆಂದರೆ ನನ್ನ ಅಗತ್ಯ ಯಾರಿಗೂ ಇರಲಿಲ್ಲ. ಅಲ್ಲಿ ಕರೆದೊಯ್ಯಲು ಸಾಹುಕಾರರ ಅಳಿಯನೇ ಬರುವವನಿದ್ದ. ವಿಮಾನದಲ್ಲಿ ಕೂರುವ ಆಸೆಗೆ, "ಆಸ್ಪತ್ರಿ ದಾರಿ ನನಗ ಗೊತ್ತೈತ್ರಿ" ಎಂದು ಸಾಹುಕಾರರ ಬೆನ್ನುಬಿದ್ದು ಸೀಟು ಗಿಟ್ಟಿಸಿದ್ದೆ.

ಬೆಂಗಳೂರಿನಲ್ಲಿ ನನ್ನ ನಾದಿನಿಯ ಮನೆ. ನೆಂಟರ ಮನೆಗೆ ಬರಿಗೈಯಲ್ಲಿ ಹೋದರೆ ನಮ್ಮ ಕಡೆ ಅದು ಹೋದಂತೆಯೇ ಅಲ್ಲ. ನನ್ನಾಕೆ ಹದಿನೈದು ಕಿಲೋ ಶೇಂಗಾ ಅಳೆದಳು. ಇಂಥದ್ದಕ್ಕೆ ನನ್ನಲ್ಲೊಂದು ಹಳೆಯ ಉಪಾಯವಿತ್ತು. ಬಸ್ಸಿನಲ್ಲಿ ಚೀಲ ಕಂಡರೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತಾನೆ. ಸುತ್ತಿದ ಹಾಸಿಗೆ ಕಂಡರೆ ಸುಮ್ಮನಿರುತ್ತಾನೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಯಾವ ದಾರಿಯ ಕಂಡಕ್ಟರನೂ ನನ್ನ ಹಾಸಿಗೆ ಬಿಚ್ಚಿಸಿದವನಲ್ಲ. ಒಮ್ಮೆ ಒರಳಿನ ಗುಂಡುಕಲ್ಲನ್ನೇ ಅದರಲ್ಲಿ ಸುತ್ತಿ ಹಗರಿಬೊಮ್ಮನಹಳ್ಳಿಯಿಂದ ತಂದಿದ್ದೆ. ನಿಲ್ಲಲು ಜಾಗವಿಲ್ಲದೆ ಕಂಡಕ್ಟರ್ ಅದರ ಮೇಲೆ ಕೂತು, ಮರುಕ್ಷಣವೇ ಎದ್ದು ನನ್ನ ಮುಖ ನೋಡಿದ. "ಬೆನ್ನುನೋವು ಐತ್ರಿ, ಡಾಕ್ಟ್ರು ಗಟ್ಟಿ ಹಾಸಿಗಿ ಹೇಳ್ಯಾರ" ಅಂದೆ. ಪಾಪ, ನಂಬಿದ.

ವಿಮಾನದ ಹತ್ತಿರ ಪೈಲಟ್ ಕಾಗದ ಪೆನ್ಸಿಲ್ ಹಿಡಿದು ನಿಂತಿದ್ದರು. "ನಿಮ್ಮ ನಿಮ್ಮ ತೂಕ ಸರಿಯಾಗಿ ಹೇಳಿ. ಈ ಬಿಸಿಲಿಗೆ ವಿಮಾನ ಏಳೋದೇ ಕಷ್ಟ, ಈ ಬಯಲು ಬೇರೆ ಚಿಕ್ಕದು. ಇಪ್ಪತ್ತು ಮೂವತ್ತು ಕಿಲೋ ಹೆಚ್ಚಾದರೂ ಆ ಜಾಲಿ ಬೇಲಿಗೆ ನುಗ್ಗಿಬಿಡ್ತೀವಿ" ಎಂದರು.

"ಐವತ್ತೆಂಟು" ಎಂದೆ, ಹೊಟ್ಟೆ ಒಳಗೆಳೆದುಕೊಂಡು.

"ಇದು?"

"ಬರೇ ಹಾಸಿಗೀರಿ."

ಅವರು ಮುಟ್ಟುವ ಮೊದಲೇ ಅದನ್ನೆತ್ತಿ ಸೀಟಿನ ಹಿಂದಿಟ್ಟೆ. ಹಗುರವಾಗಿ ಕಾಣಲೆಂದು ನಗುನಗುತ್ತಲೇ ಎತ್ತಿದೆ, ಸೊಂಟ ಹಿಡಿದುಕೊಂಡಿತು.

ವಿಮಾನ ಓಡಿತು. ಓಡಿತು, ಓಡಿತು, ಏಳಲೇ ಇಲ್ಲ. ಬೇಲಿ ದೊಡ್ಡದಾಗುತ್ತ ಬಂತು. ಬ್ರೇಕು ಬಿದ್ದು, ಧೂಳೆದ್ದು, ಜಾಲಿ ಮುಳ್ಳಿನಿಂದ ಎರಡು ಮಾರು ಈಚೆ ನಿಂತಿತು. ಪೈಲಟ್ ಬೆವರು ಒರೆಸಿಕೊಂಡರು. "ಲೆಕ್ಕದ ಪ್ರಕಾರ ಏಳಬೇಕಿತ್ತು. ಏನೋ ತಪ್ಪಿದೆ. ಒಬ್ಬರು ಇಳಿಯಬೇಕಾಗುತ್ತೆ" ಎಂದರು.

ಬಾಯಿ ಬಿಡಬೇಕಾದದ್ದು ಆಗ. ಬಿಡಲಿಲ್ಲ. ಗಂಗಮ್ಮ ಕೈಯಾಡಿಸಿ, ಬಟ್ಟೆಯ ಗಂಟನ್ನು ಹುಡುಕಿ ಬಾಗಿಲ ಕಡೆ ತಳ್ಳಿದಳು. "ನನ್ನ ತೂಕನ ತಪ್ಪು ಹೇಳಿರಬೇಕ್ರಿ. ಈ ಗಂಟು ಇಳಸ್ರಿ. ಶಾಂತಾ, ನೀನೂ ಇಳಿಯವ್ವ. ಗುಮಾಸ್ತ್ರು ದಾರಿ ಬಲ್ಲವರದಾರ. ನಾ ಹೆಂಗರ ಹೋಗ್ತೀನಿ." ಬಾಯಲ್ಲಿ ಹಾಗೆಂದಳು, ಮಗಳ ಕೈಯನ್ನು ಬಿಡಲಿಲ್ಲ. ಏನೂ ಕಾಣದ ಆ ಮುದುಕಿ ಮಗಳಿಲ್ಲದೆ ಆಪರೇಷನ್ನಿಗೆ ಹೊರಟಿದ್ದಳು, ನಾನು ಕಿಟಕಿಯಾಚೆ ಹೊಲ ನೋಡುತ್ತ ಕೂತಿದ್ದೆ. ಥೂ, ಎಂಥ ಮನುಷ್ಯ ನಾನು.

ಅಷ್ಟರಲ್ಲಿ, ದೂರ ನಿಂತು ನೋಡುತ್ತಿದ್ದ ನಮ್ಮ ಮಿಲ್ಲಿನ ಹಮಾಲಿ ಹನುಮಂತ ಓಡಿ ಬಂದ. ಭಾರ ಇಳಿಸಲೆಂದು ಮೊದಲು ನನ್ನ ಹಾಸಿಗೆಯನ್ನೇ ಎತ್ತಿದ. ದಿನವೆಲ್ಲ ಹತ್ತಿ ಹೊರುವ ಆಳು. ನನ್ನನ್ನು ಕೆಳಗೆ ಕರೆದು, ದನಿ ತಗ್ಗಿಸಿ ಹೇಳಿದ: "ಇದರಾಗ ಹತ್ತಿ ಇಲ್ರಿ. ನಿಮ್ಮ ತೂಕ ಎಷ್ಟು ಬರೆಸೀರಿ?"

"ಐವತ್ತೆಂಟು."

"ಎಪ್ಪತ್ತೈದಕ್ಕ ಒಂದು ಕಿಲೋ ಕಮ್ಮಿ ಇಲ್ಲ ನೀವು."

ಪೈಲಟ್ಟಿಗೆ ಕೇಳಿಸಿತು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಕಾಗದದ ಮೇಲಿನ ಅಂಕಿ ಹೊಡೆದುಹಾಕಿದರು, ಅಷ್ಟೇ. ಆಮೇಲೆ ಒಳಗೆ ಬಗ್ಗಿ, "ಅಮ್ಮಾ, ಇವರು ಇಳೀತಾರಂತೆ. ನೀವು ತಾಯಿ ಮಗಳು ಕೂತಿರಿ" ಎಂದರು. ಗಂಗಮ್ಮ ನಾನಿದ್ದೇನೆಂದುಕೊಂಡು ಖಾಲಿ ಸೀಟಿಗೆ ಕೈ ಮುಗಿದಳು. ವಿಮಾನ ತಿರುಗಿ ಹೋಗಿ, ಮತ್ತೆ ಓಡಿ ಬಂದು, ಬೇಲಿಯ ಮೇಲೆ ಸಲೀಸಾಗಿ ಹಾದುಹೋಯಿತು. ಯಾವತ್ತೂ ನನ್ನ ಕೈಚೀಲವನ್ನೂ ನನಗೆ ಹೊರಲು ಬಿಡದ ಹನುಮಂತ, ಅಂದು ಹಾಸಿಗೆಯನ್ನು ನನ್ನ ಕಾಲ ಬಳಿ ಬಿಟ್ಟು ಹೋದ.

ಗಂಗಮ್ಮನಿಗೆ ಕಣ್ಣು ಬಂತು. ಊರಿಗೆ ಬಂದಾಕೆ ಓಣಿ ಓಣಿಯಲ್ಲಿ ಹೇಳಿದಳು: ಗುಮಾಸ್ತರು ತಮ್ಮ ಸೀಟನ್ನೇ ನನ್ನ ಮಗಳಿಗೆ ಬಿಟ್ಟುಕೊಟ್ಟರು. ಪೈಲಟ್ ಮತ್ತೆ ಈ ಕಡೆ ಬರಲಿಲ್ಲ, ಹನುಮಂತ ಬಾಯಿ ಬಿಡಲಿಲ್ಲ, ನಾನಂತೂ ತಿದ್ದಲಿಲ್ಲ. ಅಂದಿನಿಂದ ಪ್ರತಿ ಯುಗಾದಿಗೂ ಆಕೆಯ ಮನೆಯಿಂದ ನನಗೆ ಹೋಳಿಗೆ ಬರತೊಡಗಿತು.

ಒಂದು ಯುಗಾದಿಗೆ ಆಕೆ ತಾನೇ ತಟ್ಟೆ ಹಿಡಿದು ಬಂದು ಎದುರಿಗೆ ಕೂತಳು. "ಅವತ್ತು ಶಾಂತಾ ಇಲ್ಲದಿದ್ರ ನಾ ಅಂಜಿಕಿಲೇ ಸಾಯ್ತಿದ್ದೆ ನೋಡ್ರಿ. ಇಂಥವರು ಎಲ್ಲಿ ಸಿಗ್ತಾರ" ಎಂದಳು. ಇಂದು ಹೇಳಿಯೇ ಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ. ಸಾಲದು ಎನ್ನಲಿಕ್ಕೆ ತೆರೆದೆನೆಂದು ತಿಳಿದು ಆಕೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟಳು. ಅದನ್ನೂ ತಿಂದೆ.