ಹರಿಯದ ಬ್ಯಾನರ್

ಬ್ಯಾನರ್ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನಲ್ಲಿ ನಾನು ಕಟ್ಟಿಸಿದ ಬ್ಯಾನರ್‌ಗಳು ಸಮಾರಂಭ ಮುಗಿದು, ಮುಖ್ಯ ಅತಿಥಿ ನಿವೃತ್ತರಾದರೂ ಅಲ್ಲಾಡುತ್ತಿರಲಿಲ್ಲ! ಹಾಗಾಗಿ ಎಂಬತ್ತರ ದಶಕದ ಕೊನೆಯಲ್ಲಿ, ಮೆಲ್ಬರ್ನ್‌ನ ಕಾಲೇಜೊಂದಕ್ಕೆ ಸಿವಿಲ್ ಎಂಜಿನಿಯರಿಂಗ್ ಕಲಿಸಲು ಬಂದ ಹೊಸದರಲ್ಲೇ, ಸಹೋದ್ಯೋಗಿ ಗ್ರಹಾಂ ಫುಟ್‌ಬಾಲ್ ತಂಡದ ಬ್ಯಾನರನ್ನು ನನಗೆ ಒಪ್ಪಿಸಿದಾಗ ಎದೆಯುಬ್ಬಿಸಿ ಒಪ್ಪಿಕೊಂಡೆ.

"ಶನಿವಾರ ಹಳೇ ವಿದ್ಯಾರ್ಥಿಗಳ ದಿನ. ನಮ್ಮ ಹಳೇ ಕ್ಯಾಪ್ಟನ್ ಜ್ಯಾಕ್ ಪರ್ತ್‌ನಿಂದ ಬರ್ತಿದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕೊನೇ ಸಲ ತಂಡದ ಮುಂದೆ ಓಡ್ಬೇಕಂತೆ. ಗಾಳಿಗೆ ಬ್ಯಾನರ್ ಹರೀದಂಗೆ ನೋಡ್ಕೊ, ಮೇಟ್" ಎಂದ.

ಬ್ಯಾನರ್ ನೋಡಿ ಬೆರಗಾದೆ. ಎರಡಂತಸ್ತಿನ ಎತ್ತರ! ವಿದ್ಯಾರ್ಥಿಗಳು ವಾರವೆಲ್ಲ ಕೂತು ಬಣ್ಣದ ಕಾಗದ ಅಂಟಿಸಿದ್ದರು. ಆದರೆ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಹಿಂಬದಿಗೆ ಅಡ್ಡಡ್ಡ, ಉದ್ದುದ್ದ ಪಾರ್ಸೆಲ್ ಟೇಪು ಹಚ್ಚಿದೆ. ಆಮೇಲೆ ಮನೆಗೆ ಹೋಗಿ ಬೀರು ತೆಗೆದೆ.

"ರೀ, ಅದು ನಮ್ಮಕ್ಕ ಕೊಟ್ಟ ನೈಲಾನ್ ಸೀರೆ! ಇಷ್ಟು ವರ್ಷದಲ್ಲಿ ಒಂದೆಳೆ ಬಿಟ್ಟಿಲ್ಲ!" ಎಂದು ಹೆಂಡತಿ ಶಾರದಾ ಕೂಗಿದಳು.

"ಅದಕ್ಕೇ ಬೇಕು, ಬ್ಯಾನರ್ ಬೆನ್ನಿಗೆ ಕಟ್ಟೋಕೆ!"

ಶನಿವಾರ ಮೈದಾನದ ತುಂಬ ಮಫ್ಲರ್ ಸುತ್ತಿಕೊಂಡ ಮುದುಕರು. ಕೋಲೂರಿಕೊಂಡೇ ಕಾಲೇಜಿನ ಹಾಡು ಹಾಡುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಮೆಲ್ಬರ್ನ್ ಗಾಳಿ ಭರ್ರೆಂದು ಬೀಸಿದರೂ ಬ್ಯಾನರ್ ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಚಡ್ಡಿ ತೊಟ್ಟ ಜ್ಯಾಕ್, ಹಿಂದೆ ಇಡೀ ತಂಡ, ಓಡಿ ಬಂದರು.

"ರೀ, ಬ್ಯಾನರ್ ಕಡೆಗೇ ಬರ್ತಿದಾರೆ!"

"ಪಕ್ಕಕ್ಕೆ ತಿರುಗ್ತಾರೆ ಬಿಡೇ."

ತಿರುಗಲಿಲ್ಲ!

ಬ್ಯಾನರ್ ಜ್ಯಾಕ್ ಅವರನ್ನು ಪ್ರೀತಿಯಿಂದ ಅಪ್ಪಿಕೊಂಡು, ಸಕಲ ಗೌರವಗಳೊಂದಿಗೆ ಹಿಂದಕ್ಕೆ ಕಳುಹಿಸಿಕೊಟ್ಟಿತು. ಅವರು ಹುಲ್ಲಿನ ಮೇಲೆ ಅಂಗಾತ. ಹಿಂದಿದ್ದ ತಂಡ ಒಬ್ಬರ ಮೇಲೊಬ್ಬರು.

"ಅದನ್ನ ಹರ್ಕೊಂಡು ಓಡ್ಬೇಕು! ಅದೇ ಪದ್ಧತಿ!" ಗ್ರಹಾಂ ತಲೆ ಹಿಡಿದುಕೊಂಡ.

"ಹರಿಯೋಕೆ ವಾರವೆಲ್ಲ ಅಂಟಿಸಿದ್ರಾ?"

ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿದ್ದ ವಿಷಯವನ್ನು ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಜ್ಯಾಕ್ ಅವರ ಕೊನೆಯ ಆಸೆಯನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ಬ್ಯಾನರನ್ನು ನಾನೇ ಹರಿಯಲು ಹೋದೆ, ಆಗಲಿಲ್ಲ. ಆಗ ಶಾರದಾ ಚೀಲದಿಂದ ಕತ್ತರಿ ತೆಗೆದು ಓಡಿದಳು. ಮ್ಯಾಚ್ ಮುಗಿದ ಮೇಲೆ ಸೀರೆ ಬಿಡಿಸಿಕೊಳ್ಳಲು ತಂದಿದ್ದಳಂತೆ!

"ಅಂಕಲ್, ಪ್ಲೀಸ್ ಕಟ್" ಎಂದು ಅವರ ಕೈಗೇ ಕೊಟ್ಟಳು.

ಜ್ಯಾಕ್ ನಗುತ್ತ ಎದ್ದರು. ಉದ್ಘಾಟನೆಗೆ ಬಂದ ಮಂತ್ರಿಗಳಂತೆ ಗಂಭೀರವಾಗಿ ಕತ್ತರಿಸಿ, ಕೈಯೆತ್ತಿಕೊಂಡು ಒಳಗೆ ನುಗ್ಗಿದರು. ಮೈದಾನವೇ ಮೊರೆಯಿತು. ವಾರದ ದುಡಿಮೆ ಚಿಂದಿಯಾಯಿತು. ಯಾರ ಮುಖದಲ್ಲೂ ಬೇಸರವಿಲ್ಲ, ಮುದುಕರ ಕಣ್ಣಲ್ಲಿ ಮಾತ್ರ ನೀರು. ನನ್ನ ಕಣ್ಣಲ್ಲೂ!

ಅಂದು ನಮ್ಮ ತಂಡ ಹೀನಾಯವಾಗಿ ಸೋತಿತು. ಆದರೂ ವರ್ಷದ ಕೊನೆಯ ಔತಣದಲ್ಲಿ 'ಅತ್ಯುತ್ತಮ ಡಿಫೆಂಡರ್' ಕಪ್ ನನಗೇ ಕೊಟ್ಟರು. ಬೀರುವಿನಲ್ಲಿ ಸೀರೆಯಿದ್ದ ಜಾಗದಲ್ಲಿ ಈಗ ಅದಿದೆ. ಬಂದವರಿಗೆಲ್ಲ ತೋರಿಸುತ್ತೇನೆ. ನಾನು ತಡೆದದ್ದು ಯಾವ ತಂಡವನ್ನು ಎಂದು ಮಾತ್ರ ಹೇಳುವುದಿಲ್ಲ.

ಅದನ್ನು ಶಾರದಾ ಹೇಳುತ್ತಾಳೆ!