ಸರ್ಟಿಫಿಕೇಟ್ ಬಂದ ವರ್ಷದ ದೀಪಾವಳಿ

ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಒಂದು ತುಳಸಿದಳ ತಂದು ಕೀಬೋರ್ಡಿನ ಮೇಲೆ ಇಡುವುದು, ಕಣ್ಣು ಮುಚ್ಚಿ ಹನ್ನೆರಡು ಸಲ ನಾರಾಯಣ ಎನ್ನುವುದು, ಆಮೇಲೆ ಕಂಪ್ಯೂಟರಿನ ಸ್ವಿಚ್ಚು ಒತ್ತುವುದು. ಇದು ನಾನು ಒಂದು ದಿನವೂ ತಪ್ಪಿಸದ ನೇಮ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಕರೆಂಟು ಹೋದ ದಿನವೂ ತುಳಸಿ ಇಟ್ಟಿದ್ದೇನೆ. ಯಂತ್ರ ಏಳದಿದ್ದರೇನು, ಭಕ್ತಿ ಏಳಬೇಕಲ್ಲ!

ಎರಡು ಸಾವಿರದ ಮೂರನೇ ಇಸವಿಯ ಅಂಥ ಒಂದು ಬೆಳಿಗ್ಗೆ, ಹನ್ನೆರಡನೆಯ ನಾರಾಯಣನಿಗೂ ಸ್ವಿಚ್ಚಿಗೂ ನಡುವೆ, ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ: ಈ ದೀಪಾವಳಿಯೊಳಗೆ ನಾನು ಸರ್ಟಿಫಿಕೇಟ್ ಇರುವ ಹೆಂಗಸಾಗುತ್ತೇನೆ!

ನನ್ನ ಉದ್ಯೋಗ ಏನೆಂದು ಮೊದಲು ಹೇಳಬೇಕು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮೂರನೆಯ ಮಹಡಿಯ ಮೇಲೆ ನಮ್ಮ ಮನೆ. ನಮ್ಮವರು, ಅಂದರೆ ಅಚ್ಯುತರಾಯರು, ಬಾಹ್ಯಾಕಾಶದ ಆಫೀಸಿನಲ್ಲಿ ಉಪಗ್ರಹಗಳ ಯೋಗಕ್ಷೇಮ ನೋಡುತ್ತಾರೆ. ನಾನು ಮನೆಯಲ್ಲೇ ಕೂತು ಪರವೂರಿನ ವ್ಯಾಪಾರಸ್ಥರ ಕಾಗದ, ಪಟ್ಟಿ, ಆಮಂತ್ರಣಗಳ ಯೋಗಕ್ಷೇಮ ನೋಡುತ್ತೇನೆ. ಫೋನು, ಇ-ಮೇಲು, ಅಂಚೆಡಬ್ಬಿ, ಇಷ್ಟೇ ನನ್ನ ಕಚೇರಿ. ಇಂಥವರಿಗೆ ಪರದೇಶದಲ್ಲಿ ‘ವರ್ಚುವಲ್ ಅಸಿಸ್ಟೆಂಟ್’ ಎನ್ನುತ್ತಾರೆಂದು ಇಂಟರ್ನೆಟ್ಟಿನಲ್ಲಿ ಓದಿದ ದಿನ ನಾನು ಎರಡು ಅಂಗುಲ ಎತ್ತರವಾದೆ.

“ಹಂಗಂದ್ರ ಏನು?” ಎಂದರು ನಮ್ಮವರು.

“ಕಣ್ಣಿಗೆ ಕಾಣೂದಿಲ್ಲ. ಆದ್ರ ಕೆಲಸ ಎಲ್ಲಾ ಆಗಿರ್ತದ.”

“ಅದಕ್ಕ ದೇವರು ಅಂತಾರಲ್ಲ?”

“ಹೆಂಡತಿ ಅಂತಾರ!”

ಯಾವ ಕ್ಲಾಸಿಗೂ ಹೋಗದೆ, ರದ್ದಿ ಅಂಗಡಿಯಲ್ಲಿ ಸಿಕ್ಕ ಪುಸ್ತಕ ಓದಿ, ತಪ್ಪು ಗುಂಡಿ ಒತ್ತಿ, ತಿದ್ದಿ ಕಲಿತ ವಿದ್ಯೆ ನನ್ನದು. ನಾಲ್ಕು ವರ್ಷ ಯಾರೂ ಏನೂ ಕೇಳಿರಲಿಲ್ಲ. ಆ ಮಳೆಗಾಲದಲ್ಲಿ ವಡೋದರಾದ ಒಂದು ಕಾರ್ಖಾನೆಯ ಮ್ಯಾನೇಜರು ಕೆಲಸ ಕೊಡುವ ಮಾತಾಡುತ್ತಾ, “ಮೇಡಂ, ನೀವು ಸರ್ಟಿಫೈಡ್ ತಾನೇ?” ಎಂದುಬಿಟ್ಟರು. ನಾನು “ಹಾಲು ಉಕ್ಕುತ್ತಿದೆ” ಎಂದು ಸುಳ್ಳು ಹೇಳಿ ಫೋನಿಟ್ಟೆ. ಆಮೇಲೆ ಮನಸ್ಸಿಗೆ ಚುಚ್ಚಿತು. ಹಾಲನ್ನು ಒಲೆಯ ಮೇಲಿಟ್ಟು ನಿಜವಾಗಿಯೂ ಉಕ್ಕಿಸಿ ಸುಳ್ಳನ್ನು ಸರಿಮಾಡಿಕೊಂಡೆ. ಆ ಉಕ್ಕಿದ ಹಾಲಿನ ಮುಂದೆಯೇ ಪ್ರತಿಜ್ಞೆಯ ಬೀಜ ಬಿದ್ದದ್ದು.

“ನಿನಗ ಬರೂ ವಿದ್ಯಾಕ್ಕ ನೀನಽ ಹೋಗಿ ಪರೀಕ್ಷಾ ಕೊಡ್ತಿ?” ನಮ್ಮವರ ತಕರಾರು. “ಉಮಾಕಾಂತಭಾಯ್ ಎಂದಾದ್ರೂ ಸರ್ಟಿಫಿಕೇಟ್ ಕೇಳ್ಯಾರೇನು?”

“ಅವರು ಕೇಳೂದಿಲ್ಲ. ಅವರು ಬರೇ ಹೇಳ್ತಾರ. ಕೇಳಾಕಿ ನಾನು.”

ಇದು ನೂರಕ್ಕೆ ನೂರು ಸತ್ಯ. ಉಮಾಕಾಂತಭಾಯ್ ನನ್ನ ಮೊದಲ ಗಿರಾಕಿ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಯಂತ್ರದ ಚಕ್ರಗಳನ್ನು ಮಾಡಿಸುತ್ತಾರೆ. ಪ್ರತಿ ವರ್ಷ ದೀಪಾವಳಿಗೆ ನೂರ ನಲವತ್ತು ಮನೆಗಳಿಗೆ ಅವರ ಶುಭಾಶಯ ಹೋಗಬೇಕು. ಬರೀ ಶುಭಾಶಯವಲ್ಲ, ಪ್ರತಿ ಕಾಗದದಲ್ಲಿ ಆ ಮನೆಯ ಸುಖದುಃಖದ ಒಂದು ಸಾಲು ಇರಲೇಬೇಕು. ನವರಾತ್ರಿಯ ಮಧ್ಯಾಹ್ನಗಳಲ್ಲಿ ಅವರು ಫೋನು ಹಚ್ಚಿ, ಇವರಿಗೆ ಮೊಣಕಾಲು ನೋವು, ಅವರಿಗೆ ಮೊಮ್ಮಗಳು ಹುಟ್ಟಿದಳು, ಇನ್ನೊಬ್ಬರು ಕಾರು ಕೊಂಡರು ಎಂದು ಹೇಳುತ್ತಾ ಹೋಗುವರು. ನಾನು ಕಿವಿಗೆ ರಿಸೀವರು, ಕೈಗೆ ಹೂಬತ್ತಿ ಹಿಡಿದು “ಹಾಂ ಭಾಯ್, ಹಾಂ ಭಾಯ್” ಎನ್ನುತ್ತಾ ಕೇಳುವೆ. ಕಾಣದ ಆ ಮನೆಗಳ ಜೋಕಾಲಿಗಳು ನನ್ನ ಕಣ್ಣ ಮುಂದೆ ಮೆಲ್ಲಗೆ ತೂಗುವವು. ನೋಡದ ಮೊಮ್ಮಗಳಿಗೆ ಮನಸ್ಸಿನಲ್ಲೇ ಕುಲಾವಿ ಹೊಲಿದಿದ್ದೇನೆ!

ಆ ವರ್ಷದ ಕಾಗದಕ್ಕೆ ಇನ್ನೂ ಹೆಚ್ಚಿನ ತೂಕವಿತ್ತು. ಹಬ್ಬದ ರಜೆ ಮುಗಿಸಿ ಇಲ್ಲಿನವರು ಮತ್ತೆ ಅಂಗಡಿ ತೆರೆಯುವ ಲಾಭಪಂಚಮಿಯ ದಿನ ಉಮಾಕಾಂತಭಾಯ್ ಅವರ ಹೊಸ ಕಾರ್ಖಾನೆಯ ಪೂಜೆ. ಶುಭಾಶಯವೇ ಆಮಂತ್ರಣ.

“ಬೆನ್, ಇದೊಂದು ಚೆನ್ನಾಗಿ ನಡೆಯಲಿ. ನನ್ನ ಮೂವರು ಗೆಳೆಯರ ಕೆಲಸವೂ ನಿಮ್ಮ ಮನೆಗೇ ಬರುತ್ತದೆ,” ಎಂದಿದ್ದರು. ಬೆನ್ ಎಂದರೆ ಗುಜರಾತಿಯಲ್ಲಿ ತಂಗಿ.

ಮೂವರು! ನನ್ನ ಅಡುಗೆಮನೆಯ ಪಕ್ಕದ ಮೇಜು ಅಂದೇ ಒಂದು ಸಂಸ್ಥೆಯಾಗಿ ನನ್ನ ಕನಸಿನಲ್ಲಿ ಬೆಳೆಯತೊಡಗಿತು. ಸಂಸ್ಥೆ ಎಂದ ಮೇಲೆ ಗೋಡೆ ಬೇಕು. ಗೋಡೆ ಎಂದ ಮೇಲೆ ಸರ್ಟಿಫಿಕೇಟ್ ಬೇಕು.

ಅಹಮದಾಬಾದಿನ ಕೇಂದ್ರದಲ್ಲಿ ಜಾಗ ಸಿಗದೆ ವಡೋದರಾಕ್ಕೆ ಹೋಗಿ ಕಂಪ್ಯೂಟರ್ ಪರೀಕ್ಷೆ ಬರೆದೆ. ಹೋಗುವಾಗ ರೈಲಿನ ಕಿಟಕಿಯ ಹೊರಗೆ ಹತ್ತಿಯ ಹೊಲಗಳು ಬಿಳಿಯ ಹಾಸಿಗೆಯಂತೆ ಬಿಚ್ಚಿಕೊಳ್ಳುತ್ತಿದ್ದವು. ನಾನು ಅದರ ಮೇಲೆ ತೇಲಿದೆ. ಬರುವಾಗ ನೂರಕ್ಕೆ ತೊಂಬತ್ತೆರಡು ಅಂಕ! ಪಟ್ಟಿಯನ್ನು ಅಕ್ಷರದ ಸಾಲಿಗೆ ಜೋಡಿಸುವ ಪ್ರಶ್ನೆಗಂತೂ ಪೂರ್ತಿ ಅಂಕ. ಈ ಮಾತು ನೆನಪಿರಲಿ, ನಾನಂತೂ ಮರೆಯಲಾರೆ.

ಸರ್ಟಿಫಿಕೇಟಿನ ಪ್ರತಿಯನ್ನು ಆ ಮ್ಯಾನೇಜರಿಗೆ ಫ್ಯಾಕ್ಸ್ ಮಾಡಿ ಫೋನು ಹಚ್ಚಿದೆ.

“ಅಯ್ಯೋ ಮೇಡಂ, ಆ ಕೆಲಸ ನನ್ನ ಸೋದರಳಿಯನಿಗೆ ಕೊಟ್ಟಾಯಿತು.”

“ಅವರು ಸರ್ಟಿಫೈಡೇ?”

“ಇಲ್ಲ ಮೇಡಂ, ಸೋದರಳಿಯ.”

ಆದರೂ ನನ್ನ ತೇಲುವಿಕೆ ಇಳಿಯಲಿಲ್ಲ. ಸರ್ಟಿಫೈಡ್ ಕಣ್ಣಿನಿಂದ ಉಮಾಕಾಂತಭಾಯ್ ಅವರ ಪಟ್ಟಿಯನ್ನು ನೋಡಿದೆ. ಎಂಥ ಅವ್ಯವಸ್ಥೆ! ಮೊದಲು ಸೋದರಮಾವ, ಆಮೇಲೆ ಗುರುಗಳ ಮನೆ, ಆಮೇಲೆ ಕಷ್ಟದಲ್ಲಿ ಕೈಹಿಡಿದವರು. ಪ್ರೀತಿ ಹರಿದಂತೆ ಹೆಸರು ಹರಿದಿದೆ, ಎ ಬಿ ಸಿ ಎಂಬುದೇ ಇಲ್ಲ! ಮೊದಲ ಕಾಲಮಿನಲ್ಲಿ ಹೆಸರು, ಎರಡನೆಯದರಲ್ಲಿ ವಿಳಾಸ ಮತ್ತು ಫೋನ್ ನಂಬರು, ಮೂರನೆಯದರಲ್ಲಿ ಆ ಮನೆಯ ಸುದ್ದಿಯ ಸಾಲು. ನಾನು ಹೆಸರು ಮತ್ತು ವಿಳಾಸವನ್ನು ರಾಣಿಯ ಗತ್ತಿನಲ್ಲಿ ಹಿಡಿದು, ಅಕ್ಷರದ ಸಾಲಿಗೆ ನಿಲ್ಲಿಸಿದೆ. ಕಣ್ಣು ಪಿಳುಕಿಸುವುದರೊಳಗೆ ನೂರ ನಲವತ್ತು ಮನೆಗಳು ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ಹಾಗೆಯೇ ಎಲ್ಲವನ್ನೂ ಕಾಗದದ ನಮೂನೆಗೆ ಬೆಸೆದೆ. ಹಿಂದೆ ಒಂದೊಂದಾಗಿ ಎಂಟು ದಿನ ಬೆರಳಚ್ಚು ಮಾಡುತ್ತಿದ್ದ ಕೆಲಸ ಮಧ್ಯಾಹ್ನದ ಚಹಾದೊಳಗೆ ಮುಗಿದಿತ್ತು!

ಪ್ರಿಂಟರು ಗುಂಯ್‌ಗುಟ್ಟುತ್ತಾ ಕಾಗದ ಹೆತ್ತಿತು. ನಾನು ಮಡಿಚಿ, ಮೂಲೆಗೆ ಕುಂಕುಮ ಹಚ್ಚಿ, ಅಂಚೆಚೀಟಿ ಅಂಟಿಸಿದೆ. ಬಾಲ್ಕನಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ನನ್ನ ಕಣ್ಣಿನಲ್ಲಿ ಚಿನ್ನದ ಅಂಚಿನ ಕಟ್ಟು, ಅದರೊಳಗೆ ನನ್ನ ಹೆಸರು, ಅದರ ಕೆಳಗೆ ಸಾಲುಗಟ್ಟಿ ನಿಂತ ಮೂವರು ಗೆಳೆಯರು. ಕಾಗದದ ಅಂಚು ನೋಡಿದೆ, ನಡುವಿನ ಅಂತರ ನೋಡಿದೆ, ಸೊಗಸಾಗಿತ್ತು. ಏನು ಬರೆದಿದೆ ಎಂಬುದೊಂದನ್ನು ಓದಲಿಲ್ಲ.

ದೀಪಾವಳಿಯ ಹಿಂದಿನ ದಿನ ಚಕ್ಕುಲಿ ಒತ್ತುತ್ತಿದ್ದೆ. ಕಾಗದದ ಕೆಳಗೆ ‘ಕಚೇರಿ’ ಎಂದು ನಮ್ಮ ಮನೆಯ ನಂಬರೇ ಇತ್ತಲ್ಲ, ಫೋನು ಬಂತು. ನಮ್ಮವರು ಎತ್ತಿದರು. ಕೇಳಿದರು. ರಿಸೀವರಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು.

“ಸುಮಿತ್ರಾ, ನಿನಗ ಫೋನು. ತೀರಿಕೊಂಡವರು ಲೈನಿನ್ಯಾಗ ಇದ್ದಾರ.”

“ಹಬ್ಬದ ದಿನ ಎಂಥಾ ಚ್ಯಾಷ್ಟಿ ಅದು!”

“ಚ್ಯಾಷ್ಟಿ ನಾ ಮಾಡಿಲ್ಲ. ನೀ ಮಾಡೀದಿ. ತೊಗೊ.”

ಆ ಕಡೆ ಒಬ್ಬ ಅಜ್ಜಿ. “ಬೇಟಾ, ನಾನು ಹೋದೆನಂತ ನನ್ನ ಮಗನಿಗೆ ಸಂತಾಪ ಬಂದಿದೆ. ಸಾಲುಗಳು ಬಹಳ ಚೆನ್ನಾಗಿವೆ. ಎರಡು ಸಲ ಓದಿಸಿ ಅತ್ತೆ. ಆದರೆ ಹೋದದ್ದು ಯಾವಾಗ?”

ನನ್ನ ಕೈಯಿಂದ ಚಕ್ಕುಲಿ ಒರಳು ಜಾರಿತು.

ಆಮೇಲೆ ಫೋನು ನಿಲ್ಲಲಿಲ್ಲ. ಮದುವೆ ನಿಶ್ಚಯವಾದ ಮಂಥನ್ ಎಂಬ ಹುಡುಗನಿಗೆ ಹೊಸ ಹಲ್ಲುಸೆಟ್ಟು ಒಗ್ಗಲಿ ಎಂದು ಹಾರೈಕೆ ಹೋಗಿತ್ತು. ಕಾಗದ ಓದಿದ್ದು ಅವನ ಭಾವೀ ಮಾವ! ಅವನ ನಿಶ್ಚಿತಾರ್ಥದ ಅಭಿನಂದನೆ ಎಪ್ಪತ್ತೆಂಟು ವರ್ಷದ ವಿಧವೆ ಶಾಂತಾಬೆನ್ ಅವರಿಗೆ ಹೋಗಿತ್ತು.

“ಹುಡುಗ ಯಾರು?” ಶಾಂತಾಬೆನ್ ಗಂಭೀರವಾಗಿ ಕೇಳಿದರು. “ಮಕ್ಕಳು ಕೇಳುತ್ತಿದ್ದಾರೆ.”

ಬ್ರಹ್ಮಚಾರಿಯೊಬ್ಬರಿಗೆ ಅವಳಿ ಮಕ್ಕಳಾಗಿದ್ದವು. ಅವರ ತಾಯಿ ಮೂರು ದಿನದಿಂದ ಅವರೊಡನೆ ಮಾತು ಬಿಟ್ಟಿದ್ದರು.

ನಮ್ಮವರು ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂತರು. ಉಪಗ್ರಹದ ಕೆಮ್ಮು ಹುಡುಕುವವರು, ಎರಡು ನಿಮಿಷ ಸಾಕಾಯಿತು.

“ಹೆಸರು, ವಿಳಾಸ ಎಲ್ಲಾ ಮನೀ ಬದಲಿ ಮಾಡ್ಯಾವ. ಸುದ್ದಿ ಮಾತ್ರ ನಿಂತಲ್ಲೇ ನಿಂತಾವ. ಮೂರನೇ ಕಾಲಮ್ ಹಿಡೀಲೇ ಇಲ್ಲೇನು?”

“ಪರೀಕ್ಷಾದಾಗ ಹಿಡಿದಿದ್ದೆರೀ! ಪೂರ್ತಿ ಮಾರ್ಕ್ಸ್ ಬಂದಾವ!”

“ಹಂಗಾದ್ರ ಮಾರ್ಕ್ಸ್ ಶೀಟನ್ನೂ ನೂರ ನಲವತ್ತು ಮನೀಗೆ ಕಳಸು.”

ಸಂಜೆ ಉಮಾಕಾಂತಭಾಯ್ ಫೋನು. ನಾಲ್ಕು ವರ್ಷದಲ್ಲಿ ಅವರು ದನಿ ಎತ್ತಿದ್ದು ಅದೊಂದೇ ಸಲ.

“ಬೆನ್, ಆ ಶೂಂ ಕರ್ಯೂಂ! ಇದೇನು ಮಾಡಿದಿರಿ! ಮಾವ ಕೇಳುತ್ತಾರೆ, ನನ್ನನ್ನು ಹಾಸ್ಯ ಮಾಡಿದೆಯಾ ಅಂತ. ಪೂಜೆಗೆ ಒಬ್ಬರೂ ಬರದಿದ್ದರೆ ಹೊಸ ಚಕ್ರವನ್ನು ನಾನೊಬ್ಬನೇ ತಿರುಗಿಸಲೇ? ನನ್ನ ಗೆಳೆಯರ ವಿಷಯ ಬಿಡಿ, ನನ್ನ ಕೆಲಸವೂ ಇನ್ನು ನಿಮ್ಮಲ್ಲಿ ಇರಬೇಕೋ ಬೇಡವೋ ಗೊತ್ತಿಲ್ಲ.”

“ಭಾಯ್, ಲಾಭಪಂಚಮಿಗೆ ಆರು ದಿನ ಇದೆ. ಎಲ್ಲರೊಡನೆಯೂ ನಾನೇ ಮಾತಾಡುತ್ತೇನೆ.”

“ನೂರ ನಲವತ್ತು ಮನೆ?”

“ನೂರ ನಲವತ್ತೂ.”

ಊರೆಲ್ಲ ಪಟಾಕಿ ಹಚ್ಚುತ್ತಿತ್ತು. ನಾನು ಫೋನು ಹಚ್ಚುತ್ತಿದ್ದೆ. ಅರ್ಧ ಹಿಂದಿ, ಅರ್ಧ ಗುಜರಾತಿ, ಕಷ್ಟ ಬಂದಾಗ ಧಾರವಾಡದ ಕನ್ನಡ! ಮೊದಲು ಕ್ಷಮೆ ಕೇಳುವುದು, ಆಮೇಲೆ ಸುಮ್ಮನೆ ಕೇಳುವುದು. ವಿಚಿತ್ರವೆಂದರೆ ಬೈದವರು ಕಡಿಮೆ. “ಬಂದ ಸುದ್ದಿ ನಮ್ಮದಲ್ಲ, ನಮ್ಮ ಸುದ್ದಿ ಹೀಗಿದೆ” ಎಂದು ಶುರುಮಾಡಿದರೆ ಯಾರಿಗೂ ನಿಲ್ಲಿಸಲು ಮನಸ್ಸಿಲ್ಲ. ಮೊಣಕಾಲಿನವರು ಸೊಂಟಕ್ಕೆ ಬಂದರು, ಸೊಂಟದವರು ಸೊಸೆಗೆ ಬಂದರು. ಶಾಂತಾಬೆನ್ ಅಂತೂ ದಿನಾ ಸಂಜೆ ತಾವೇ ಫೋನು ಮಾಡಿ, “ಹುಡುಗ ಸಿಕ್ಕನೇ?” ಎಂದು ವಿಚಾರಿಸಿದರು.

“ಊಟಕ್ಕ ಏನದ?” ನಮ್ಮವರು ಬಾಗಿಲಲ್ಲಿ ನಿಂತು ಕೇಳುವರು.

“ಚುರುಮರಿ. ಶ್ಯೂ! ಅವರ ಮಗಳ ಸೀಮಂತ ನಡದದ!”

ಒಂದು ಮನೆಯನ್ನು ಮಾತ್ರ ಮೂರು ದಿನ ಮುಂದೂಡುತ್ತಾ ಬಂದಿದ್ದೆ. ತಾಯಿ ನಿಜವಾಗಿ ತೀರಿಹೋದದ್ದು ಧೀರಜ್‌ಭಾಯ್ ಅವರ ಮನೆಯಲ್ಲಿ. ಅವರಿಗೆ ಹೋದದ್ದು ‘ಹೊಸ ಕಾರಿಗೆ ಅಭಿನಂದನೆ.’ ನಾಲ್ಕನೆಯ ದಿನ ದೇವರಿಗೆ ಕೈಮುಗಿದು ನಂಬರು ಒತ್ತಿದೆ. ತಪ್ಪನ್ನು ಹೇಳಿದೆ.

“ನಿಜವಾದ ಸಾಲು ಏನಿತ್ತು, ಬೆನ್?” ಎಂದರು.

ಓದಿ ಹೇಳಿದೆ. “ಅಗಲಿದ ನಿಮ್ಮ ತಾಯಿಯ ಕೈಯ ಬಿಸಿ ರೊಟ್ಲಾ ತಿಂದು ನಾನು ದೊಡ್ಡವನಾದೆ. ಉಮಾಕಾಂತ.”

ಅವರು ಅತ್ತರು. ಆಮೇಲೆ ಅವರ ತಾಯಿಯ ಬಗ್ಗೆ ಮುಕ್ಕಾಲು ಗಂಟೆ ಹೇಳಿದರು. ನಾನು ಕೇಳುತ್ತಲೇ ಕೂತೆ. ಕಿಟಕಿಯಾಚೆ ಆಕಾಶಬುಟ್ಟಿಯೊಂದು ಮೆಲ್ಲಗೆ ತಿರುಗುತ್ತಿತ್ತು. ಆ ಕಾಣದ ತಾಯಿ ಅದರ ಬೆಳಕಿನಲ್ಲಿ ಕೂತು ರೊಟ್ಲಾ ತಟ್ಟುತ್ತಿದ್ದಂತೆ ನನಗೆ ಕಾಣುತ್ತಿತ್ತು. ಫೋನು ಇಡುವ ಮುಂಚೆ ಅವರೆಂದರು: “ಪೂಜೆಗೆ ಬರಬಾರದು ಎಂದುಕೊಂಡಿದ್ದೆ. ಬರುತ್ತೇನೆ.”

ಲಾಭಪಂಚಮಿಯ ಬೆಳಿಗ್ಗೆ ನಾವಿಬ್ಬರೂ ಸೂರತ್ತಿನ ರೈಲು ಹಿಡಿದೆವು. ಕತಾರ್‌ಗಾಮ್‌ನ ಹೊಸ ಕಾರ್ಖಾನೆಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಎಲ್ಲರೂ ಬಂದಿದ್ದರು! ತಮಗೆ ಬಂದ ತಪ್ಪು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಂದು, ನಿಜವಾದ ಒಡೆಯರನ್ನು ಹುಡುಕಿ ಕೊಡುತ್ತಿದ್ದರು. ಮಂಥನ್‌ನ ಭಾವೀ ಮಾವನಂತೂ ಹಲ್ಲುಸೆಟ್ಟಿನವರ ಪಕ್ಕದಲ್ಲೇ ಕೂತು ಅವರು ಪೇಡೆ ಅಗಿಯುವುದನ್ನು ಪರೀಕ್ಷಿಸುತ್ತಿದ್ದರು. ಕಾಗದದಲ್ಲಿ ತೀರಿಕೊಂಡ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಎರಡನೆಯ ಸಲ ಪ್ರಸಾದ ಕೇಳುತ್ತಿದ್ದರು.

ಚಕ್ರ ತಿರುಗಿತು. ಉಮಾಕಾಂತಭಾಯ್ ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದರು. ಹಿಂದೆ ಆ ಮೂವರು ಗೆಳೆಯರು!

“ಬೆನ್, ಇವರ ಕೆಲಸ ನಿಮ್ಮದೇ. ಆದರೆ ಒಂದು ಕರಾರು. ಇವರ ಮನೆಯವರ ಜೊತೆಯೂ ಹೀಗೆಯೇ ಫೋನಿನಲ್ಲಿ ಮಾತಾಡಬೇಕು.”

ನಾನು ಕಣ್ಣೀರು ಒರೆಸುತ್ತಾ, ಸಂಸ್ಥೆಯ ಬೋರ್ಡಿನ ಬಣ್ಣವನ್ನು ಮನಸ್ಸಿನಲ್ಲೇ ಆರಿಸತೊಡಗಿದ್ದೆ. ಅಷ್ಟರಲ್ಲಿ ಅವರು ಇನ್ನೂ ಉತ್ಸಾಹಗೊಂಡರು.

“ನಿಮ್ಮ ಪರೀಕ್ಷೆಯ ಮೇಲೆ ಇನ್ನೊಂದು ದೊಡ್ಡ ಪರೀಕ್ಷೆ ಇದೆಯಂತೆ. ನಿಮ್ಮವರು ಹೇಳಿದರು. ಶುಲ್ಕ ನನ್ನದು. ವಡೋದರಾಕ್ಕೆ ಹೋಗಿಬರಲು ಕಾರು ನನ್ನದು. ಬೇಡ ಎನ್ನಬೇಡಿ. ಅಣ್ಣ ಕೊಡಿಸಿದ ಎಂದುಕೊಳ್ಳಿ!”

ನಮ್ಮವರು ಕಂಬದ ಮರೆಯಲ್ಲಿ ನಿಂತು ಪೇಡೆ ತಿನ್ನುತ್ತಾ, ನಾನೇನು ಹೇಳುತ್ತೇನೆಂದು ನೋಡುತ್ತಿದ್ದರು.

ನಾನು ಎರಡೂ ಕೈ ಜೋಡಿಸಿದೆ.

“ಬೇಡ, ಭಾಯ್. ಚಿಕ್ಕ ಪರೀಕ್ಷೆ ಪಾಸಾದದ್ದಕ್ಕೇ ನೂರ ನಲವತ್ತು ಮನೆಗಳ ಕ್ಷಮೆ ಕೇಳಿದ್ದೇನೆ. ದೊಡ್ಡದನ್ನೂ ಪಾಸಾದರೆ, ಸೂರತ್ತಿನಲ್ಲಿ ಅಷ್ಟು ಮನೆಗಳಿಲ್ಲ!”